ಔಡಲೆಣ್ಣೆಯ ಪಾಠವನ್ನು ಬಿಡಬೇಡಿ: ರಸಾಯನಶಾಸ್ತ್ರ ಕಲಿಸುವವರಿಗೆ ಒಂದು ಬಹಿರಂಗ ಪತ್ರ

ರಾಯಚೂರು, ಮಾನ್ವಿ, ಸಿರವಾರ, ದೇವದುರ್ಗದ ಪದವಿಪೂರ್ವ ಮತ್ತು ಪದವಿ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಕಲಿಸುತ್ತಿರುವ ಎಲ್ಲ ಗುರುಬಂಧುಗಳಿಗೆ,



ನೇರವಾಗಿ ವಿಷಯಕ್ಕೆ ಬರುತ್ತೇನೆ. ಎಣ್ಣೆ, ಕೊಬ್ಬುಗಳ ಪಾಠ ಬಂದಾಗ ನಮ್ಮಲ್ಲಿ ಬಹಳಷ್ಟು ಜನ ಅದನ್ನು ಅವಸರದಲ್ಲಿ ಮುಗಿಸುತ್ತಾರೆ. ಪರ್ಯಾಪ್ತ, ಅಪರ್ಯಾಪ್ತ ಎಂದು ಎರಡು ಕಾಲಂ ಬರೆಸಿ, ಸಾಬೂನೀಕರಣದ ಸಮೀಕರಣ ಒಂದನ್ನು ಹಾಕಿ, ಮುಂದಿನ ಅಧ್ಯಾಯಕ್ಕೆ ಹೋಗಿಬಿಡುವುದು ರೂಢಿ. ಅಂಕ ಕಡಿಮೆ, ತಾಸು ಕಡಿಮೆ, ಪ್ರಾಕ್ಟಿಕಲ್ ಪರೀಕ್ಷೆಯ ಚಿಂತೆ ಬೇರೆ. ಆ ಒತ್ತಡ ನನಗೆ ಗೊತ್ತು. ನಾನೂ ಅದರೊಳಗೇ ವರ್ಷಗಟ್ಟಲೆ ಕೆಲಸ ಮಾಡಿದವನು. ಆದರೂ ಕೈಮುಗಿದು ಕೇಳುತ್ತಿದ್ದೇನೆ: ಆ ಪಾಠದಲ್ಲಿ ಮೂರನೆಯ ಕಾಲಂ ಒಂದನ್ನು ಹಾಕಿರಿ. ಸರಪಳಿಯ ಮೇಲೆ ಹೈಡ್ರಾಕ್ಸಿಲ್ ಗುಂಪನ್ನು ಹೊತ್ತ ಕೊಬ್ಬಿನಾಮ್ಲಗಳಿಗೆ ಅದು ಮೀಸಲಿರಲಿ. ಅದರ ಮೊದಲ ಸಾಲಿನಲ್ಲಿ ನಮ್ಮ ಹೊಲದ ಬದುವಿನ ಮೇಲೆ ನಿಂತಿರುವ ಔಡಲದ ಹೆಸರು ಬರೆಯಿರಿ.

ಈ ಪತ್ರಕ್ಕೆ ಕಾರಣ ಒಂದು ಫೋನ್ ಕರೆ. ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು, ದೇವದುರ್ಗದ ಕಡೆಯ ರೈತರ ಮಗಳು, ಎಂ.ಎಸ್ಸಿ. ಮುಗಿಸಿ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಕೆಲಸಕ್ಕೆ ಸೇರಿದ್ದಾಳೆ. ಫ್ರೀಜರಿನಿಂದ ಬೆರಳುದ್ದದ ಗಾಜಿನ ಕುಪ್ಪಿಯೊಂದನ್ನು ಅವಳ ಕೈಗೆ ಕೊಟ್ಟು, ಜೋಪಾನ, ಮಿಲಿಗ್ರಾಂ ಲೆಕ್ಕದಲ್ಲಿ ಬರುವ ಮಾಲು ಎಂದು ಹೇಳಿದರಂತೆ. ರಾತ್ರಿ ನನಗೆ ಫೋನ್ ಮಾಡಿ ಕೇಳಿದಳು: "ಕಾಕಾ, ಅದರ ಮ್ಯಾಲ ರಿಸಿನೋಲಿಯಿಕ್ ಆಸಿಡ್ ಅಂತ ಬರದಿತ್ತು. ಔಡಲದಾಗಿಂದ ತೆಗೀತಾರ ಅಂತ ಹೇಳಿದ್ರು. ನಮ್ಮ ಹಿತ್ತಲದಾಗ ಇರೋ ಔಡಲಾನ ಏನು ಅದು?" ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ಒಳ್ಳೆಯ ಅಂಕದಲ್ಲಿ ಮುಗಿಸಿದವಳು ಅವಳು. ಜಾಣೆ. ಅವಳಿಗೆ ಈ ಪ್ರಶ್ನೆ ಕಾಲೇಜಿನಲ್ಲೇ ಬರಬೇಕಿತ್ತು, ಉತ್ತರವೂ ಅಲ್ಲೇ ಸಿಗಬೇಕಿತ್ತು. ಯಾರ ಮೇಲೂ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ಹಿತ್ತಲಿಗೂ ಪಠ್ಯಕ್ಕೂ ನಡುವೆ ಇಷ್ಟು ದೂರ ಉಳಿದಿರುವುದನ್ನು ನೀವೇ ಕಡಿಮೆ ಮಾಡಬಲ್ಲಿರಿ ಎಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಆ ಕುಪ್ಪಿಯೊಳಗಿನ ಅಣು ಎಂಥದು? ಹದಿನೆಂಟು ಕಾರ್ಬನ್‌ಗಳ ಸರಪಳಿ. ಒಂದು ತುದಿಗೆ ಆಮ್ಲದ ಗುಂಪು. ಒಂಬತ್ತನೆಯ ಕಾರ್ಬನ್ನಿನಲ್ಲಿ ದ್ವಿಬಂಧ. ಇಲ್ಲಿಯವರೆಗೆ ಅದು ಶೇಂಗಾ ಎಣ್ಣೆಯಲ್ಲಿ ತುಂಬಿಕೊಂಡಿರುವ ಒಲೆಯಿಕ್ ಆಮ್ಲವೇ. ಹನ್ನೆರಡನೆಯ ಕಾರ್ಬನ್ನಿಗೆ ಬಂದಾಗ ಒಂದು ಹೈಡ್ರೋಜನ್ ಇರಬೇಕಾದಲ್ಲಿ ಹೈಡ್ರಾಕ್ಸಿಲ್ ಗುಂಪು ಕೂತಿದೆ. ವ್ಯತ್ಯಾಸ ಎಂದರೆ ಒಂದು ಆಮ್ಲಜನಕದ ಪರಮಾಣು, ಅಷ್ಟೇ. ಆದರೆ ಆ ಒಂದು ಪರಮಾಣು ಎಣ್ಣೆಯ ನಡತೆಯನ್ನೇ ಬದಲಿಸುತ್ತದೆ. ಹೈಡ್ರಾಕ್ಸಿಲ್‌ಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಔಡಲೆಣ್ಣೆಯ ಸ್ನಿಗ್ಧತೆ ಶೇಂಗಾ ಎಣ್ಣೆಗಿಂತ ಸುಮಾರು ಹತ್ತು ಪಟ್ಟು ಹೆಚ್ಚು. ಸಾಂದ್ರತೆ 0.96ರ ಹತ್ತಿರ, ಅಡುಗೆಯ ಎಣ್ಣೆಗಳದ್ದು 0.91, 0.92. ಉಳಿದ ಎಣ್ಣೆಗಳು ಆಲ್ಕೊಹಾಲಿನಲ್ಲಿ ಬೆರೆಯದೆ ಬೇರೆ ನಿಂತರೆ ಔಡಲೆಣ್ಣೆ ಅದರಲ್ಲಿ ತಿಳಿಯಾಗಿ ಕರಗುತ್ತದೆ. ಪೆಟ್ರೋಲಿಯಂ ಈಥರಿನಲ್ಲಿ ಉಳಿದವು ಸಲೀಸಾಗಿ ಕರಗುತ್ತವೆ, ಇದು ಹಿಂಜರಿಯುತ್ತದೆ. ರಚನೆಯಿಂದ ಗುಣ ಹುಟ್ಟುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟೋ ಸಲ ಬರೆಯುತ್ತೇವಲ್ಲ, ಅದನ್ನು ಎರಡು ಪ್ರನಾಳಗಳಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಲು ಇದಕ್ಕಿಂತ ಅಗ್ಗದ, ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಇನ್ನೊಂದು ಮಾತನ್ನು ಮಕ್ಕಳಿಗೆ ಒತ್ತಿ ಹೇಳಬೇಕು. ಔಡಲೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ 85ರಿಂದ 90 ಪಾಲು ಈ ಒಂದೇ ಆಮ್ಲ. ಒಲೆಯಿಕ್, ಲಿನೊಲೆಯಿಕ್, ಸ್ಟಿಯರಿಕ್, ಪಾಮಿಟಿಕ್ ಎಲ್ಲ ಸೇರಿ ಉಳಿದದ್ದನ್ನು ಹಂಚಿಕೊಳ್ಳುತ್ತವೆ. ನಾವು ದಿನವೂ ಕಾಣುವ ಎಣ್ಣೆಕಾಳುಗಳಲ್ಲಿ ಒಂದೇ ಆಮ್ಲ ಇಷ್ಟರಮಟ್ಟಿಗೆ ತುಂಬಿರುವುದು ಅಪರೂಪ. ಬೇರೆ ಗಿಡಗಳಲ್ಲಿ ಹುಡುಕಿ ಬೇರ್ಪಡಿಸಬೇಕಾದ ವಸ್ತುವನ್ನು ಈ ಗಿಡ ಬೀಜದೊಳಗೇ ಹೆಚ್ಚುಕಡಿಮೆ ಶುದ್ಧ ಮಾಡಿ ಇಟ್ಟಿದೆ.

ನಮ್ಮ ಮನೆಗಳಲ್ಲಿ ಎಣ್ಣೆ ತೆಗೆಯುತ್ತಿದ್ದುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು. ನಮ್ಮವ್ವ ಬೀಜವನ್ನು ಮೊದಲು ಹಂಚಿನ ಮೇಲೆ ಹುರಿಯುತ್ತಿದ್ದಳು. ಆಮೇಲೆ ಒರಳಲ್ಲಿ ಕುಟ್ಟಿ, ನೀರು ತುಂಬಿದ ಗಡಿಗೆಗೆ ಹಾಕಿ, ತಾಸುಗಟ್ಟಲೆ ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಾಚಿ ಬೇರೆ ಪಾತ್ರೆಗೆ ಹಾಕುತ್ತಿದ್ದಳು. ಅದನ್ನು ಮತ್ತೆ ಒಲೆಯ ಮೇಲಿಟ್ಟು ಚಟಪಟ ಸದ್ದು ನಿಲ್ಲುವವರೆಗೂ ಕಾಯುತ್ತಿದ್ದಳು. ಈ ಪ್ರತಿ ಹೆಜ್ಜೆಗೂ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಔಡಲದ ಬೀಜದೊಳಗೆ ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಬಲವಾದ ಕಿಣ್ವವಿದೆ. ಹುರಿದರೆ ಅದು ಕೆಡುತ್ತದೆ, ಹಾಗಾಗಿ ಎಣ್ಣೆ ಬೇಗ ಹುಳಿಯುವುದಿಲ್ಲ. ಚಟಪಟ ಸದ್ದು ಎಣ್ಣೆಯಲ್ಲಿ ಉಳಿದ ನೀರಿನದು. ಸದ್ದು ನಿಂತಿತೆಂದರೆ ನೀರು ಹೋಯಿತು, ಇನ್ನು ಜಲವಿಭಜನೆಯ ಭಯವಿಲ್ಲ. ಬಂಡಿಯ ಅಚ್ಚಿಗೆ ಅದೇ ಎಣ್ಣೆ ಬಳಿಯುತ್ತಿದ್ದರು, ಏಕೆಂದರೆ ಅದು ಬಿಸಿಲಿಗೂ ಜಾರಿ ಹೋಗದೆ ಲೋಹಕ್ಕೆ ಅಂಟಿ ನಿಲ್ಲುತ್ತದೆ. ತೊಗರಿಗೆ ಹುಳ ಬೀಳದಂತೆ ಅದನ್ನೇ ಸವರಿ ಇಡುತ್ತಿದ್ದರು. ಹತ್ತಿ, ಮೆಣಸಿನಕಾಯಿ ಹೊಲದ ಸುತ್ತ ಔಡಲ ಹಾಕಿದರೆ ಎಲೆ ತಿನ್ನುವ ಹುಳದ ಚಿಟ್ಟೆ ಅದರ ಅಗಲ ಎಲೆಯ ಮೇಲೆ ಮೊಟ್ಟೆ ಇಡುತ್ತದೆ, ಆ ಎಲೆ ಕಿತ್ತು ಸುಟ್ಟರೆ ಒಳಗಿನ ಬೆಳೆಗೆ ಕಾಟ ಕಡಿಮೆ ಎಂಬ ಲೆಕ್ಕಾಚಾರವೂ ರೈತರಿಗೆ ತಿಳಿದಿತ್ತು.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು ಹೇಳಲೇಬೇಕು, ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿರಿ. ಹಸಿ ಔಡಲ ಬೀಜದಲ್ಲಿ ರಿಸಿನ್ ಎಂಬ ಪ್ರೋಟೀನ್ ವಿಷವಿದೆ. 1888ರಲ್ಲಿ ಹರ್ಮನ್ ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಅದನ್ನು ಮೊದಲು ಬೇರ್ಪಡಿಸಿದ. ಅದು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮನ್ನೇ ಕೆಡಿಸುತ್ತದೆ. ಕೆಲವೇ ಬೀಜ ಅಗಿದು ನುಂಗಿದರೂ ಪ್ರಾಣಕ್ಕೆ ಅಪಾಯ. ಈ ವಿಷ ನೀರಿನಲ್ಲಿ ಕರಗುವಂಥದು, ಎಣ್ಣೆಗೆ ಹೋಗುವುದಿಲ್ಲ, ಕುದಿಸಿದರೆ ಕೆಡುತ್ತದೆ. ಅವ್ವನ ಗಡಿಗೆಯ ಹಿಂದಿನ ಜಾಣತನ ಅದು. ಆದರೆ ಹಿಂಡಿಯಲ್ಲಿ ವಿಷ ಉಳಿಯಬಹುದು, ಅದರ ಧೂಳಿನಿಂದ ಅಲರ್ಜಿಯೂ ಆಗುತ್ತದೆ. ಆದ್ದರಿಂದ ವಿದ್ಯಾರ್ಥಿಗಳಿಂದ ಹಸಿ ಬೀಜ ತರಿಸುವುದು, ಪ್ರಯೋಗಾಲಯದಲ್ಲಿ ಕುಟ್ಟಿಸುವುದು, ಸಾಕ್ಸ್‌ಲೆಟ್‌ನಲ್ಲಿ ಎಣ್ಣೆ ತೆಗೆಸುವುದು, ಇವು ಯಾವುದೂ ಬೇಡ. ಬಾಟಲಿಯಲ್ಲಿ ಬರುವ ಎಣ್ಣೆಯನ್ನೇ ಕೊಂಡು ತನ್ನಿರಿ. ಗಿಡವನ್ನು ತೋರಿಸಬೇಕೆಂದರೆ ಹೊಲಕ್ಕೆ ಕರೆದೊಯ್ದು ತೋರಿಸಿರಿ. ಊರಿನ ಚಿಕ್ಕ ಮಕ್ಕಳು ಆ ಚುಕ್ಕೆ ಚುಕ್ಕೆಯ ಚೆಂದದ ಬೀಜಗಳನ್ನು ಆಟಕ್ಕೆ ಹಿಡಿಯುತ್ತಾರೆ. ಬಾಯಿಗೆ ಹಾಕಬಾರದೆಂದು ಮನೆಮನೆಗೆ ಹೇಳುವ ಕೆಲಸವನ್ನು ನಿಮ್ಮ ವಿದ್ಯಾರ್ಥಿಗಳಿಗೆ ವಹಿಸಿರಿ.

ಎಣ್ಣೆ ಕುಡಿಸುವ ವಿಚಾರವೂ ಹೀಗೆಯೇ. ಹೊಟ್ಟೆ ತೊಳೆಯಲು ಔಡಲೆಣ್ಣೆ ಕುಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದು 2012ರಲ್ಲಿ ಸ್ಪಷ್ಟವಾಯಿತು. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ಟೆಫಾನ್ ಆಫರ್ಮನ್ಸ್ ಅವರ ತಂಡ ಇಲಿಗಳಲ್ಲಿ ತೋರಿಸಿದಂತೆ, ಕರುಳಿನಲ್ಲಿ ಬಿಡುಗಡೆಯಾದ ರಿಸಿನೋಲಿಯಿಕ್ ಆಮ್ಲ ಪ್ರೋಸ್ಟಾಗ್ಲಾಂಡಿನ್‌ಗಳಿಗೆಂದು ಇರುವ ಇಪಿ3 ಎಂಬ ಗ್ರಾಹಕಕ್ಕೆ ಕೂತು ಕರುಳಿನ ಸ್ನಾಯುವನ್ನು ಹಿಂಡಿಸುತ್ತದೆ. ಅದೇ ಗ್ರಾಹಕದ ಮೂಲಕ ಗರ್ಭಕೋಶದ ಸ್ನಾಯುವೂ ಹಿಂಡಿಕೊಳ್ಳುತ್ತದೆ. ಹೆರಿಗೆ ಬೇಗ ಆಗಲೆಂದು ಬಸುರಿಗೆ ಮನೆಯಲ್ಲೇ ಔಡಲೆಣ್ಣೆ ಕುಡಿಸುವವರು ಇನ್ನೂ ಇದ್ದಾರೆ. ವೈದ್ಯರನ್ನು ಕೇಳದೆ ಹಾಗೆ ಮಾಡಬಾರದು ಎಂದು ಹೇಳಲು ಈಗ ನಮ್ಮ ಕೈಯಲ್ಲಿ ಕಾರಣವೇ ಇದೆ. ಕಾರಣ ಸಮೇತ ಹೇಳಿದ ಮಾತನ್ನು ನಮ್ಮ ತಾಯಂದಿರು ಕೇಳುತ್ತಾರೆ, ಇದು ನನ್ನ ಅನುಭವ.

ಗಿಡ ಈ ಅಣುವನ್ನು ಹೇಗೆ ತಯಾರಿಸುತ್ತದೆ ಎಂಬ ಕತೆ ಜೀವರಸಾಯನ ಕಲಿಸುವವರಿಗೆ ದೊಡ್ಡ ಆಸ್ತಿ. 1995ರಲ್ಲಿ ಫ್ರಾಂಕ್ ವಾನ್ ಡಿ ಲೂ, ಕ್ರಿಸ್ ಸಾಮರ್‌ವಿಲ್ ಮತ್ತು ಅವರ ಸಂಗಡಿಗರು ಔಡಲ ಬೀಜದಿಂದ ಒಂದು ಜೀನನ್ನು ಹಿಡಿದು ತೆಗೆದರು. ಒಲೆಯಿಕ್ ಆಮ್ಲದ ಹನ್ನೆರಡನೆಯ ಕಾರ್ಬನ್ನಿಗೆ ಹೈಡ್ರಾಕ್ಸಿಲ್ ಕೂರಿಸುವ ಕಿಣ್ವದ ಜೀನ್ ಅದು. ಅಚ್ಚರಿಯೆಂದರೆ, ಆ ಕಿಣ್ವ ಎಲ್ಲ ಗಿಡಗಳಲ್ಲೂ ಇರುವ, ಅದೇ ಜಾಗದಲ್ಲಿ ದ್ವಿಬಂಧ ಹಾಕುವ ಇನ್ನೊಂದು ಕಿಣ್ವದ ಸೋದರ. ದ್ವಿಬಂಧ ಹಾಕಿದರೆ ಲಿನೊಲೆಯಿಕ್ ಆಮ್ಲ, ಹೈಡ್ರಾಕ್ಸಿಲ್ ಹಾಕಿದರೆ ರಿಸಿನೋಲಿಯಿಕ್. 1998ರಲ್ಲಿ ಅದೇ ಬಳಗದ ಪಿಯರ್ ಬ್ರೂನ್ ಮತ್ತಿತರರು ದ್ವಿಬಂಧ ಹಾಕುವ ಕಿಣ್ವದಲ್ಲಿ ಕೇವಲ ನಾಲ್ಕು ಅಮೈನೋ ಆಮ್ಲಗಳನ್ನು ಬದಲಿಸಿ ಅದು ಹೈಡ್ರಾಕ್ಸಿಲ್ ಹಾಕುವಂತೆ ಮಾಡಿ ತೋರಿಸಿದರು. ಹಾಗಾದರೆ ಬೇರೆ ಬೆಳೆಗಳಿಗೆ ಈ ಜೀನ್ ಸೇರಿಸಿ ವಿಷವಿಲ್ಲದ ಔಡಲೆಣ್ಣೆ ಬೆಳೆಯಬಹುದಲ್ಲ? ಪ್ರಯತ್ನ ನಡೆಯಿತು. ಮೊದಮೊದಲು ಅರಾಬಿಡಾಪ್ಸಿಸ್ ಎಂಬ ಪ್ರಯೋಗದ ಗಿಡದಲ್ಲಿ ಹೈಡ್ರಾಕ್ಸಿ ಆಮ್ಲ ಐದನೆಯ ಒಂದು ಪಾಲನ್ನೂ ಮುಟ್ಟಲಿಲ್ಲ. ಅಣು ತಯಾರಾದರೆ ಸಾಲದು, ಅದನ್ನು ಕೋಶದ ಪೊರೆಯಿಂದ ಬಿಡಿಸಿ ಎಣ್ಣೆಯೊಳಗೆ ಸೇರಿಸುವ ಬೇರೆ ಕಿಣ್ವಗಳೂ ಬೇಕು, ಔಡಲದಲ್ಲಿ ಅವೆಲ್ಲ ಜೊತೆಜೊತೆಗೆ ಇವೆ. ನಮ್ಮ ಬದುವಿನ ಗಿಡ ಎಷ್ಟು ಜಟಿಲವಾದ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ ಎಂದು ತಿಳಿದ ವಿದ್ಯಾರ್ಥಿ ಅದನ್ನು ಮತ್ತೆ ಮೊದಲಿನಂತೆ ನೋಡಲಾರ.

ಔಡಲ ಈ ಹೈಡ್ರಾಕ್ಸಿ ಕೊಬ್ಬಿನಾಮ್ಲಗಳ ವಂಶದ ಬಾಗಿಲು ಮಾತ್ರ. ಒಳಗೆ ಹೋದರೆ ಸಂಬಂಧಿಕರು ಬಹಳ. ರಾಯಚೂರಿನ ಹುಡುಗರಿಗೆ ಹತ್ತಿ ಜಿನ್ನಿಂಗ್ ಮಿಲ್ಲು ಹೊಸದಲ್ಲ. ಹತ್ತಿಯ ಧೂಳಿನಲ್ಲಿ ಕೆಲಸ ಮಾಡುವವರಿಗೆ ವಾರದ ಮೊದಲ ದಿನ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ಕಾಯಿಲೆಯಿದೆ. ಹತ್ತಿಯ ಮೇಲೆ ಬೆಳೆಯುವ ಗ್ರಾಂ ನೆಗೆಟಿವ್ ಬ್ಯಾಕ್ಟೀರಿಯಾಗಳ ಹೊರಪೊರೆಯಿಂದ ಬರುವ ಎಂಡೋಟಾಕ್ಸಿನ್ ಅದಕ್ಕೆ ಕಾರಣಗಳಲ್ಲಿ ಮುಖ್ಯವಾದದ್ದು. ಆ ಎಂಡೋಟಾಕ್ಸಿನ್‌ನ ಬೇರಿನಲ್ಲಿ ಮೂರನೆಯ ಕಾರ್ಬನ್ನಿಗೆ ಹೈಡ್ರಾಕ್ಸಿಲ್ ಇರುವ ಕೊಬ್ಬಿನಾಮ್ಲಗಳಿವೆ. ನಮ್ಮ ದೇಹದ ಕೊಬ್ಬಿನಲ್ಲಿ ಅವು ಕಂಡುಬರುವುದು ತೀರ ಅಲ್ಪ. ಆದ್ದರಿಂದ ಧೂಳಿನ ಮಾದರಿಯಲ್ಲಿ ಈ 3-ಹೈಡ್ರಾಕ್ಸಿ ಆಮ್ಲಗಳನ್ನು ಅಳೆದು ಅಲ್ಲಿ ಎಷ್ಟು ಎಂಡೋಟಾಕ್ಸಿನ್ ಇದೆ ಎಂದು ಅಂದಾಜಿಸುತ್ತಾರೆ. ಹಾಗೆ ಅಳೆಯಲು ಶುದ್ಧವಾದ, ಗುರುತು ಹಾಕಿದ ಅದೇ ಆಮ್ಲ ಒಂದಿಷ್ಟು ಪ್ರಯೋಗಾಲಯದಲ್ಲಿ ಇರಲೇಬೇಕು. ಹೈದರಾಬಾದಿನ ಆ ಹುಡುಗಿಯ ಕೈಗೆ ಬಂದಂಥ ಕುಪ್ಪಿಗಳು ಏಕೆ ಬೇಕಾಗುತ್ತವೆ ಎಂಬುದಕ್ಕೆ ಇದೊಂದೇ ಉದಾಹರಣೆ ಸಾಕು. ತನ್ನ ಅಪ್ಪ ಜಿನ್ನಿಂಗ್ ಮಿಲ್ಲಿನಲ್ಲಿ ಕೆಮ್ಮುವುದನ್ನು ಕಂಡ ವಿದ್ಯಾರ್ಥಿಗೆ ಈ ಪಾಠ ಬರೀ ಪಾಠವಾಗಿ ಉಳಿಯುವುದಿಲ್ಲ.

ಮಿದುಳಿನ ನರತಂತುಗಳ ಹೊದಿಕೆಯಲ್ಲಿ ಎರಡನೆಯ ಕಾರ್ಬನ್ನಿಗೆ ಹೈಡ್ರಾಕ್ಸಿಲ್ ಇರುವ ಉದ್ದ ಸರಪಳಿಯ ಆಮ್ಲಗಳಿವೆ. ಚರ್ಮ ನೀರನ್ನು ಹಿಡಿದಿಡುವುದರಲ್ಲಿ ತುದಿಯ ಹೈಡ್ರಾಕ್ಸಿಲ್ ಹೊತ್ತ ಇನ್ನೂ ಉದ್ದದ ಆಮ್ಲಗಳ ಪಾತ್ರವಿದೆ. ಟೊಮೆಟೊ ಸಿಪ್ಪೆಯ ಕ್ಯೂಟಿನ್ ಪದರ ಹೆಚ್ಚಾಗಿ ಎರಡು ಹೈಡ್ರಾಕ್ಸಿಲ್‌ಗಳ ಹದಿನಾರು ಕಾರ್ಬನ್ನಿನ ಆಮ್ಲದಿಂದಲೇ ಆದದ್ದು. ಅರಗಿನಲ್ಲಿ ಮೂರು ಹೈಡ್ರಾಕ್ಸಿಲ್‌ಗಳ ಅಲ್ಯೂರಿಟಿಕ್ ಆಮ್ಲ ಸಿಗುತ್ತದೆ. ಚನ್ನಪಟ್ಟಣದ ಗೊಂಬೆ ಮಾಡುವ ಹಾಲೆ ಮರದ ಬೀಜದ ಎಣ್ಣೆಯಲ್ಲಿ ಹೈಡ್ರಾಕ್ಸಿಲ್ ಒಂಬತ್ತಕ್ಕೂ ದ್ವಿಬಂಧ ಹನ್ನೆರಡಕ್ಕೂ ಅದಲುಬದಲಾದ ಐಸೋರಿಸಿನೋಲಿಯಿಕ್ ಆಮ್ಲವಿದೆ. ಮರ ಹಾಲೆಯದು, ಮೇಲಿನ ಬಣ್ಣದ ಮೆರುಗು ಅರಗಿನದು; ಒಂದು ಗೊಂಬೆಯ ಸುತ್ತ ಈ ವಂಶದ ಇಬ್ಬರು ಸೇರಿದ್ದಾರೆ ಎಂದು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಸಕ್ಕರೆ ಕಾಯಿಲೆಯ ಸಂಶೋಧನೆಗೂ ಈ ವಂಶ ಬಂದು ಮುಟ್ಟಿದೆ. 2014ರಲ್ಲಿ ಅಮೆರಿಕದ ಬಾರ್ಬರಾ ಕಾನ್ ಮತ್ತು ಅಲನ್ ಸಘಾಟೆಲಿಯನ್ ಅವರ ತಂಡಗಳು ಸಸ್ತನಿಗಳ ಕೊಬ್ಬಿನಲ್ಲಿ ಹೊಸ ಬಗೆಯ ಲಿಪಿಡ್‌ಗಳನ್ನು ಗುರುತಿಸಿದವು. ಒಂದು ಕೊಬ್ಬಿನಾಮ್ಲದ ಆಮ್ಲದ ತುದಿ ಇನ್ನೊಂದು ಹೈಡ್ರಾಕ್ಸಿ ಆಮ್ಲದ ಹೈಡ್ರಾಕ್ಸಿಲ್‌ಗೆ ಎಸ್ಟರ್ ಬಂಧದಿಂದ ಸೇರಿದ ರಚನೆ ಅವುಗಳದ್ದು. ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದವರಲ್ಲಿ ಅವುಗಳ ಪ್ರಮಾಣ ಕಡಿಮೆ ಇತ್ತು. ಇಲಿಗಳಿಗೆ ಕೊಟ್ಟಾಗ ರಕ್ತದ ಸಕ್ಕರೆಯ ಹತೋಟಿ ಸುಧಾರಿಸಿತು. ಇದು ಔಷಧವಲ್ಲ, ಔಡಲೆಣ್ಣೆ ಕುಡಿದರೆ ಸಕ್ಕರೆ ಕಾಯಿಲೆ ಇಳಿಯುತ್ತದೆ ಎಂದು ಯಾರೂ ತಿಳಿಯಬಾರದು. ಆದರೆ ಅದೇ ಬಂಧವನ್ನು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಬಿಡಿ ರಿಸಿನೋಲಿಯಿಕ್ ಆಮ್ಲವನ್ನು ಕೋಣೆಯ ಉಷ್ಣತೆಯಲ್ಲಿ ಇಟ್ಟರೆ ಒಂದರ ಆಮ್ಲ ಇನ್ನೊಂದರ ಹೈಡ್ರಾಕ್ಸಿಲ್‌ಗೆ ತಾನೇ ಸೇರಿಕೊಂಡು ಎಸ್ಟೊಲೈಡ್ ಆಗುತ್ತ ಹೋಗುತ್ತದೆ. ಆ ಕುಪ್ಪಿ ಫ್ರೀಜರಿನಲ್ಲಿ ಇದ್ದದ್ದು ಇದಕ್ಕೇ. ದ್ವಿಬಂಧಕ್ಕೆ ಗಾಳಿಯ ಆಮ್ಲಜನಕ ತಾಗಬಾರದೆಂದು ಅಂಥವನ್ನು ನೈಟ್ರೋಜನ್ ತುಂಬಿ ಮುಚ್ಚುವುದೂ ಉಂಟು. ಶುದ್ಧ ಮಾಡುವುದಕ್ಕಿಂತ ಶುದ್ಧವಾಗಿ ಉಳಿಸಿಕೊಳ್ಳುವುದು ಕಷ್ಟ; ಮಿಲಿಗ್ರಾಂ ಲೆಕ್ಕದ ಬೆಲೆಗೆ ಅರ್ಧ ಕಾರಣ ಅದೇ.

ಇಂಥ ಆಮ್ಲಗಳನ್ನು ಹುಡುಕುವ ಕೆಲಸ ನಮ್ಮಿಂದಾಗದು, ದೊಡ್ಡ ಊರಿನ ದೊಡ್ಡ ಯಂತ್ರಗಳಿಗೇ ಅದು ಸಾಧ್ಯ ಎಂದು ನಿಮ್ಮಲ್ಲಿ ಯಾರಾದರೂ ಅಂದರೆ, ಧಾರವಾಡದ ಕಡೆ ನೋಡಿರಿ ಎನ್ನುತ್ತೇನೆ. ಕರ್ನಾಟಕ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಪ್ರೊ. ಸಿ. ಡಿ. ದೌಲತಾಬಾದ್ ಮತ್ತು ಅವರ ಬಳಗದವರು, ಅವರಲ್ಲಿ ಕೆ. ಎಂ. ಹೊಸಮನಿ ಅವರೂ ಒಬ್ಬರು, ಯಾರೂ ಕಣ್ಣೆತ್ತಿ ನೋಡದ ಗಿಡಗಂಟಿಗಳ ಬೀಜಗಳಿಂದ ಎಣ್ಣೆ ತೆಗೆದು, ಅವುಗಳಲ್ಲಿರುವ ಅಪರೂಪದ ಕೊಬ್ಬಿನಾಮ್ಲಗಳನ್ನು ಒಂದೊಂದಾಗಿ ಗುರುತಿಸಿದರು. ನಾಲ್ಕು ಮುಳ್ಳಿನ ಅಜಿಮಾ ಟೆಟ್ರಕಾಂಥಾ ಎಂಬ ಬರಡು ನೆಲದ ಪೊದೆಯ ಬೀಜದಲ್ಲಿ ರಿಸಿನೋಲಿಯಿಕ್ ಆಮ್ಲವಿದೆ ಎಂದು ಅವರು 1991ರಲ್ಲಿ ಅಮೆರಿಕದ ಎಣ್ಣೆ ರಸಾಯನಜ್ಞರ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಔಡಲದ ಕುಟುಂಬದ ಗಿಡವೂ ಅಲ್ಲ. ಬೇಲಿಯ ಮುಳ್ಳುಪೊದೆಯನ್ನು ಜಗತ್ತಿನ ಲಿಪಿಡ್ ಶಾಸ್ತ್ರದ ಪುಟಕ್ಕೆ ಒಯ್ದವರು ನಮ್ಮ ಉತ್ತರ ಕರ್ನಾಟಕದ ಅಧ್ಯಾಪಕರು. ಈ ಮಾತು ನಮ್ಮ ಎಷ್ಟು ವಿದ್ಯಾರ್ಥಿಗಳಿಗೆ ಗೊತ್ತು? ಪಾಠ ಆರಂಭಿಸುವಾಗ ಅವರ ಹೆಸರನ್ನು ಒಮ್ಮೆ ಹೇಳಿರಿ. ಬೇಲಿ ಸಾಲಿನಲ್ಲಿ ಇನ್ನೂ ಯಾರೂ ನೋಡದ ಬೀಜಗಳಿವೆ ಎಂಬ ಆಸೆ ಅಲ್ಲಿಂದ ಹುಟ್ಟಬಹುದು.

ಉದ್ಯಮದ ಮಾತು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ಜಗತ್ತಿನ ಔಡಲದಲ್ಲಿ ಬಹುಪಾಲು ಭಾರತದ್ದು, ಭಾರತದ್ದರಲ್ಲಿ ಬಹುಪಾಲು ಗುಜರಾತಿನದು. ಔಡಲೆಣ್ಣೆಗೆ ಹೈಡ್ರೋಜನ್ ಸೇರಿಸಿ, ಆಮೇಲೆ ಜಲವಿಭಜನೆ ಮಾಡಿದರೆ 12-ಹೈಡ್ರಾಕ್ಸಿಸ್ಟಿಯರಿಕ್ ಆಮ್ಲ ಸಿಗುತ್ತದೆ. ಟ್ರ್ಯಾಕ್ಟರಿನ ಬೇರಿಂಗಿಗೆ ತುಂಬುವ ಲಿಥಿಯಂ ಗ್ರೀಸಿನ ಹುರುಳು ಅದೇ. ಅಂದರೆ ಬಂಡಿ ಹೋಗಿ ಟ್ರ್ಯಾಕ್ಟರ್ ಬಂದರೂ ಅಚ್ಚಿನಿಂದ ಔಡಲ ದೂರವಾಗಿಲ್ಲ. ಕ್ಷಾರದೊಡನೆ ಬಲವಾಗಿ ಕಾಯಿಸಿದರೆ ಸೆಬಾಸಿಕ್ ಆಮ್ಲ ಬರುತ್ತದೆ. ಇನ್ನೊಂದು ದಾರಿಯಲ್ಲಿ ಹೋದರೆ ನೈಲಾನ್ 11. ಔಡಲ ಬೆಳೆಯುವ ಮಹಬೂಬನಗರದ ಸೀಮೆ ನಮಗೆ ಪಕ್ಕದ್ದೇ. ಎಣ್ಣೆಗಳ ಮೇಲೆ ಸಂಶೋಧನೆ ನಡೆಸುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಹೈದರಾಬಾದಿನಲ್ಲಿದೆ. ಅದು 1944ರಲ್ಲಿ, ನಾವೂ ಸೇರಿದ್ದ ಆ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಹುಟ್ಟಿದ್ದು. ಅದೇ ಊರಿನಲ್ಲಿ ಔಡಲದ ತಳಿಗಳ ಕೆಲಸ ಮಾಡುವ ಭಾರತೀಯ ಎಣ್ಣೆಬೀಜ ಸಂಶೋಧನಾ ಸಂಸ್ಥೆಯೂ ಇದೆ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ನಮ್ಮ ಮಕ್ಕಳಿಗೆ ದಾರಿ ದೂರವಿಲ್ಲ; ತೋರಿಸುವವರು ಬೇಕು.

ಈಗ ನನ್ನ ಬೇಡಿಕೆಗಳು.

ಪದವಿಯ ಒಂದು ಪ್ರಾಕ್ಟಿಕಲ್ ದಿನವನ್ನು ಔಡಲೆಣ್ಣೆಗೆ ಕೊಡಿರಿ. ಔಡಲ, ಶೇಂಗಾ, ಹತ್ತಿಕಾಳು, ಈ ಮೂರು ಎಣ್ಣೆಗಳನ್ನು ಒಂದೇ ಸಾಲಿನಲ್ಲಿಡಿರಿ. ಮೊದಲು ಒಂದೇ ಅಳತೆಯ ಎಣ್ಣೆ ಒಂದೇ ಪಿಪೆಟ್ಟಿನಿಂದ ಇಳಿಯಲು ಎಷ್ಟು ಸೆಕೆಂಡ್ ಹಿಡಿಯುತ್ತದೆ ಎಂದು ಅಳೆಯಲಿ. ಅಳೆಯುವಾಗ ಉಷ್ಣತೆಯನ್ನು ತಪ್ಪದೆ ಬರೆಯಲಿ, ಏಕೆಂದರೆ ನಮ್ಮ ರಾಯಚೂರಿನ ಮೇ ತಿಂಗಳಿನ ಎಣ್ಣೆ ಡಿಸೆಂಬರಿನ ಎಣ್ಣೆಯಂತೆ ಹರಿಯುವುದಿಲ್ಲ. ಆಮೇಲೆ ಎಥನಾಲಿನಲ್ಲಿ ಕರಗುವ ಪರೀಕ್ಷೆ. ಔಡಲೆಣ್ಣೆಗೆ ಬೇರೆ ಎಣ್ಣೆ ಬೆರೆಸಿ, ಎಷ್ಟು ಬೆರೆತಾಗ ತಿಳಿ ಹೋಗಿ ಮಬ್ಬಾಗುತ್ತದೆ ಎಂದು ನೋಡಲಿ. ಕಲಬೆರಕೆ ಹಿಡಿಯುವ ವಿದ್ಯೆ ಹೀಗೇ ಆರಂಭವಾಗುತ್ತದೆ. ಸಾಬೂನೀಕರಣ ಸಂಖ್ಯೆ ಔಡಲಕ್ಕೆ 180ರ ಆಸುಪಾಸು, ಶೇಂಗಾಕ್ಕೆ 190ರ ಆಸುಪಾಸು ಬರುತ್ತದೆ. ಆ ಹತ್ತರ ವ್ಯತ್ಯಾಸ ಏಕೆ ಎಂದು ಮಕ್ಕಳೇ ಯೋಚಿಸಲಿ, ನೀವು ಬೇಗ ಉತ್ತರ ಹೇಳಿಬಿಡಬೇಡಿರಿ. ಅಣುತೂಕ ಬರೆದು ಲೆಕ್ಕ ಹಾಕಿದರೆ ಆ ಒಂದು ಆಮ್ಲಜನಕ ಅವರಿಗೇ ಸಿಗುತ್ತದೆ. ಹೈಡ್ರಾಕ್ಸಿಲ್ ಸಂಖ್ಯೆಯಲ್ಲಿ ಔಡಲ 160 ದಾಟಿದರೆ ಶೇಂಗಾ ಹೆಚ್ಚುಕಡಿಮೆ ಸೊನ್ನೆ. ಅದಕ್ಕೆ ಅಸಿಟಿಕ್ ಅನ್‌ಹೈಡ್ರೈಡ್, ಪಿರಿಡಿನ್ ಬೇಕು. ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದ ಕಾಲೇಜಿನಲ್ಲಿ ಅದನ್ನು ಮಾಡಿಸಬೇಡಿರಿ. ಇರುವ ಕಾಲೇಜಿಗೆ ಒಂದು ದಿನ ಮಕ್ಕಳನ್ನು ಕರೆದೊಯ್ಯಿರಿ. ಮಾನ್ವಿ, ದೇವದುರ್ಗ, ರಾಯಚೂರಿನ ಕಾಲೇಜುಗಳು ಒಂದರ ಸೌಕರ್ಯವನ್ನು ಇನ್ನೊಂದು ಬಳಸುವುದರಲ್ಲಿ ಸಂಕೋಚ ಬೇಡ.

ಸಿಲಿಕಾ ಪ್ಲೇಟು ಸಿಗುವ ಕಡೆ ಟಿಎಲ್‌ಸಿ (ತೆಳುಪದರ ಕ್ರೊಮಾಟೊಗ್ರಫಿ) ಮಾಡಿಸಿರಿ. ಹೈಡ್ರಾಕ್ಸಿಲ್ ಹೊತ್ತ ಎಣ್ಣೆ ಸಿಲಿಕಾಕ್ಕೆ ಅಂಟಿ ಕೆಳಗೇ ಉಳಿಯುತ್ತದೆ, ಶೇಂಗಾದ್ದು ಮೇಲೆ ಓಡುತ್ತದೆ. ಅಯೋಡಿನ್ ಹೊಗೆಯಲ್ಲಿಟ್ಟಾಗ ಕಂದು ಚುಕ್ಕೆಗಳು ಮೂಡುವುದನ್ನು ಕಂಡ ಮಗುವಿಗೆ ಮುಂದೆ ಗ್ಯಾಸ್ ಕ್ರೊಮಾಟೊಗ್ರಫಿಯ ಮಾತು ಹೊರೆ ಎನಿಸುವುದಿಲ್ಲ.

ಕನ್ನಡದಲ್ಲಿ ವಿವರಿಸಿರಿ. ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ, ಪದಗಳು ಇಂಗ್ಲಿಷಿನವೇ ಇರಲಿ, ಏಕೆ ಹೀಗಾಯಿತು ಎಂಬ ಮಾತುಕತೆ ಮಾತ್ರ ಮಕ್ಕಳ ಮನೆಮಾತಿನಲ್ಲಿ ನಡೆಯಲಿ. ಹಿಂದಿನ ಬೆಂಚಿನ ಹುಡುಗಿಯರು ಬಾಯಿ ಬಿಟ್ಟು ಪ್ರಶ್ನೆ ಕೇಳಿದ್ದು ನಾನು ಹಾಗೆ ಕಲಿಸಿದ ದಿನಗಳಲ್ಲೇ. ಜೊತೆಗೆ ಪ್ರತಿ ವಿದ್ಯಾರ್ಥಿಯೂ ತನ್ನ ಮನೆಯ ಹಿರಿಯರನ್ನು ಕೇಳಿ, ಔಡಲೆಣ್ಣೆ ಹೇಗೆ ತೆಗೆಯುತ್ತಿದ್ದರು, ಏನೇನಕ್ಕೆ ಬಳಸುತ್ತಿದ್ದರು ಎಂದು ಎರಡು ಪುಟ ಬರೆದು ತರಲಿ. ಗಾಣ, ಗಡಿಗೆ ಎರಡನ್ನೂ ಕಂಡ ತಲೆಮಾರು ವೇಗವಾಗಿ ಕರಗುತ್ತಿದೆ. ಆ ಬರಹಗಳನ್ನು ಕಾಲೇಜಿನ ಗ್ರಂಥಾಲಯದಲ್ಲಿ ಹೊಲಿದು ಇಡಿಸಿರಿ.

ಪ್ರಾಂಶುಪಾಲರಲ್ಲಿ ಒಂದೇ ಕೋರಿಕೆ. ರಸಾಯನಶಾಸ್ತ್ರ ವಿಭಾಗಕ್ಕೆ ಒಂದು ಚಿಕ್ಕ ಫ್ರಿಜ್ ಮತ್ತು ಕರೆಂಟು ಹೋದಾಗ ಅದನ್ನು ನಡೆಸುವ ಇನ್ವರ್ಟರ್ ಕೊಡಿರಿ. ಕಾರಕಗಳು ಬೇಸಿಗೆಯ ಕಪಾಟಿನಲ್ಲಿ ಕೆಟ್ಟು, ತಪ್ಪು ರೀಡಿಂಗ್ ಬಂದು, ಮಕ್ಕಳು ಪುಸ್ತಕದ ಉತ್ತರವನ್ನೇ ರೆಕಾರ್ಡಿನಲ್ಲಿ ಬರೆದುಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬಂದ ಅಂಕಿಯನ್ನೇ ಬರೆಯುವ ಧೈರ್ಯ ಬರಬೇಕಾದರೆ ಬಾಟಲಿಯೊಳಗಿನ ಕಾರಕ ಸರಿಯಿರಬೇಕು.

ನನ್ನ ಕಡೆಯಿಂದ ಆಗುವಷ್ಟು ನಾನು ಮಾಡುತ್ತೇನೆ. ಮೇಲೆ ಹೇಳಿದ ಪ್ರಾಕ್ಟಿಕಲ್ಲಿನ ವಿಧಾನ, ಬೇಕಾಗುವ ವಸ್ತುಗಳ ಪಟ್ಟಿ, ಮುನ್ನೆಚ್ಚರಿಕೆಗಳು, ಇಷ್ಟನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಇಟ್ಟಿದ್ದೇನೆ. ಕೇಳಿದ ಕಾಲೇಜಿಗೆ ಕಳಿಸುತ್ತೇನೆ. ನನ್ನ ಬಳಿ ಉಳಿದಿರುವ ಕಂಡೆನ್ಸರ್‌ಗಳು, ಒಂದು ವಿಸ್ಕೋಮೀಟರ್, ಬ್ಯುರೆಟ್‌ಗಳು ಇವೆ, ಅವು ನಿಮ್ಮವೇ. ಶನಿವಾರಗಳಂದು ಮಾನ್ವಿಗಾಗಲಿ ದೇವದುರ್ಗಕ್ಕಾಗಲಿ ಬಂದು ಮಕ್ಕಳ ಜೊತೆ ನಿಂತು ಮಾಡಿಸಲು ಸಿದ್ಧನಿದ್ದೇನೆ. ಈ ಬಾರಿಯ ಪ್ರಾಕ್ಟಿಕಲ್ ವೇಳಾಪಟ್ಟಿ ಬರೆಯುವ ಮೊದಲು ನಿಮ್ಮ ವಿಭಾಗದಲ್ಲಿ ಕೂತು ಈ ಪತ್ರವನ್ನು ಒಮ್ಮೆ ಓದಿ, ಒಂದು ದಿನವನ್ನು ಗುರುತು ಹಾಕಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ
ಕಲ್ಲೂರು, ರಾಯಚೂರು ಜಿಲ್ಲೆ